ಗೋಡೆ ತುಂಬಿದೆ, ಮಂಚದ ಕೆಳಗೂ ಚಿತ್ರಗಳಿವೆ: ಏನು ಮಾಡಲಿ?

ಪ್ರಶ್ನೆ: ನಮ್ಮದು ಶಿವಮೊಗ್ಗದಲ್ಲಿ ಎರಡು ಬೆಡ್‌ರೂಮಿನ ಮನೆ. ಹಾಲ್ ಪಶ್ಚಿಮಕ್ಕಿದೆ. ಗೋಡೆಗಳ ಮೇಲೆ ಒಟ್ಟು 23 ಚಿತ್ರಗಳಿವೆ. ಅತ್ತೆ ಮೈಸೂರಿನ ತವರಿನಿಂದ ತಂದ ಮೈಸೂರು ಶೈಲಿಯ ಸರಸ್ವತಿ, ಬೆಂಗಳೂರಿನ ಚಿತ್ರಸಂತೆಯಲ್ಲಿ ಕೊಂಡ ಎರಡು ಜಲವರ್ಣ, ಒಂದು ತೈಲಚಿತ್ರ, ಸಾಗರದ ಕಡೆಯ ಚಿತ್ತಾರ, ಮಾವನವರ ಫೋಟೋ, ಮದುವೆ ಫೋಟೋಗಳು, ಮಗಳು ಸ್ಕೆಚ್ ಪೆನ್ನಿನಲ್ಲಿ ಬಿಡಿಸಿದ್ದು, ಹೀಗೆ. ಹತ್ತು ವರ್ಷದಿಂದ ಒಂದೂ ಜಾಗ ಬಿಟ್ಟು ಕದಲಿಲ್ಲ. ಈಗ ಮನೆಯಲ್ಲಿ ಯಾರೂ ಅವುಗಳ ಕಡೆ ನೋಡುವುದೇ ಇಲ್ಲ. ಹೊಸದಾಗಿ ಬಂದ ಆರೇಳು ಚಿತ್ರ ಮಂಚದ ಕೆಳಗೆ ಬಿದ್ದಿವೆ. ಬದಲಾಯಿಸೋಣ ಅಂದರೆ ಯಜಮಾನರು ‘ಹೊಡೆದ ಮೊಳೆ ಕೀಳಬಾರದು’ ಅನ್ನುತ್ತಾರೆ. ಅತ್ತೆ ಇವತ್ತಿಗೂ ದಸರೆಗೆ ಗೊಂಬೆ ಕೂರಿಸುವವರು. ದೇವರ ಪಟ ಇಳಿಸಿದರೆ ಅವರಿಗೆ ಬೇಜಾರು. ಎಷ್ಟು ದಿನಕ್ಕೊಮ್ಮೆ ಬದಲಾಯಿಸಬೇಕು? ಇಳಿಸಿದ್ದನ್ನು ಎಲ್ಲಿಡಬೇಕು? ಹೋದ ಮಳೆಗಾಲದಲ್ಲಿ ಒಂದು ಹಳೇ ಫೋಟೋ ಗಾಜಿಗೇ ಅಂಟಿಕೊಂಡಿದೆ. ಅದಕ್ಕೇನು ಮಾಡಲಿ?

ಉತ್ತರ: ಮೊದಲು ಒಂದು ಮಾತು. ಗಾಜಿಗೆ ಅಂಟಿದ ಆ ಫೋಟೋಗೆ ಕೈ ಹಚ್ಚಬೇಡಿ. ಎಳೆಯಬೇಡಿ, ನೀರು ಮುಟ್ಟಿಸಬೇಡಿ. ಅದರ ವಿಷಯ ಕೊನೆಗೆ ಹೇಳುತ್ತೇನೆ. ಅಲ್ಲಿಯವರೆಗೆ ಅದು ಇದ್ದ ಹಾಗೇ ಇರಲಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ನೀವು ನನ್ನನ್ನು ಕೇಳಿದ್ದೀರಿ. ಆದರೆ ಈ ಕೆಲಸ ಗೊತ್ತಿರುವವರು ನಿಮ್ಮ ಮನೆಯಲ್ಲೇ ಇದ್ದಾರೆ, ನಿಮ್ಮ ಅತ್ತೆ. ಅವರ ಗೊಂಬೆಗಳು ವರ್ಷದಲ್ಲಿ ಎಷ್ಟು ದಿನ ಹೊರಗಿರುತ್ತವೆ? ಒಂಬತ್ತೋ ಹತ್ತೋ ದಿನ. ಉಳಿದಂತೆ ಪೆಟ್ಟಿಗೆಯಲ್ಲಿ, ಬಟ್ಟೆ ಸುತ್ತಿಕೊಂಡು ಮಲಗಿರುತ್ತವೆ. ಪಟ್ಟದ ಗೊಂಬೆ ಹೊರಗೆ ಬಂದ ದಿನ ಮನೆಯವರೆಲ್ಲ ಬಂದು ನಿಂತು ನೋಡುತ್ತಾರೆ, ಅಲ್ವಾ? ಅದೇ ಗೊಂಬೆಗಳನ್ನು ಶೋಕೇಸಿನಲ್ಲಿ ವರ್ಷಪೂರ್ತಿ ಇಟ್ಟಿದ್ದರೆ ಈಗ ನಿಮ್ಮ 23 ಚಿತ್ರಗಳಿಗೆ ಆಗಿರುವ ಗತಿಯೇ ಅವಕ್ಕೂ ಆಗುತ್ತಿತ್ತು. ಧೂಳು ಹೊಡೆಯುವ ದಿನ ಮಾತ್ರ ನೆನಪಾಗುತ್ತಿದ್ದವು.

ಹಾಗಾಗಿ ‘ಯಾವ ಚಿತ್ರ ಎಲ್ಲಿ ಹಾಕಲಿ’ ಅನ್ನುವುದಕ್ಕಿಂತ ಮುಂಚೆ ‘ಇಳಿಸಿದ್ದು ಎಲ್ಲಿ ಮಲಗಬೇಕು’ ಅನ್ನುವುದನ್ನು ತೀರ್ಮಾನ ಮಾಡಿ. ನನ್ನ ಹತ್ತಿರ ಚಿತ್ರಕ್ಕೆ ಕಟ್ಟು ಹಾಕಿಸಲು ಬರುವವರು ಗೋಡೆಯ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಪೆಟ್ಟಿಗೆಯ ಬಗ್ಗೆ ಕೇಳುವವರು ಕಡಿಮೆ. ಚಿತ್ರಗಳು ಹಾಳಾಗುವುದು ಮಾತ್ರ ಹೆಚ್ಚಾಗಿ ಎರಡೇ ಕಡೆ: ಬಿಸಿಲು ಬೀಳುವ ಗೋಡೆಯ ಮೇಲೆ, ಇಲ್ಲವೇ ಮಂಚದ ಕೆಳಗೆ.

ಬಿಸಿಲಿನ ಕಥೆ ನನ್ನದೇ ಇದೆ. ಊರವರ ಚಿತ್ರಗಳಿಗೆಲ್ಲ ಬುದ್ಧಿ ಹೇಳುವ ನಾನು ನನ್ನ ಮನೆಯಲ್ಲಿ ಒಂದು ಜಲವರ್ಣವನ್ನು ಪೂರ್ವದ ಕಿಟಕಿಗೆ ಎದುರಾಗಿ ಹನ್ನೊಂದು ವರ್ಷ ನೇತು ಹಾಕಿದ್ದೆ. ಗಾಜು ಒಡೆಯಿತು ಅಂತ ಒಂದು ದಿನ ಫ್ರೇಮು ಬಿಚ್ಚಿದೆ. ಚಿತ್ರದ ಸುತ್ತ ಗಾಜಿನಡಿ ಕೂರಿಸುವ ರಟ್ಟಿನ ಚೌಕಟ್ಟು, ಅಂದರೆ ಮೌಂಟ್, ತೆಗೆದರೆ ಅದರಡಿಯಲ್ಲಿ ಒಂದು ಬೆರಳಗಲ ಆಕಾಶ ಕಡು ನೀಲಿ. ಅದರಿಂದ ಒಳಗೆ, ನಾವು ದಿನಾ ನೋಡುತ್ತಿದ್ದ ಆಕಾಶ, ಬೂದಿ ಬಣ್ಣ. ಮೊದಲಿಂದಲೂ ಅದು ಮೋಡದ ದಿನದ ಚಿತ್ರ ಅಂತಲೇ ನಾವೆಲ್ಲ ಅಂದುಕೊಂಡಿದ್ದೆವು! ಮಾಸುವುದು ಅಷ್ಟು ನಿಧಾನ. ಮಾಸಿದ ಬಣ್ಣವನ್ನು ಯಾರೂ ವಾಪಸ್ ತರಲಾರರು.

ಇದಕ್ಕೆ ಒಂದು ಲೆಕ್ಕವಿದೆ. ಬೆಳಕನ್ನು ಅಳೆಯುವ ಅಳತೆಗೆ ಲಕ್ಸ್ ಅಂತ ಹೆಸರು. ಜಲವರ್ಣ, ಫೋಟೋ, ಬಟ್ಟೆ, ಕಾಗದದ ಮೇಲಿನ ಕೆಲಸ ಇವಕ್ಕೆಲ್ಲ ಸುಮಾರು 50 ಲಕ್ಸ್ ಮೀರದ ಹಾಗೆ ಮ್ಯೂಸಿಯಂನವರು ನೋಡಿಕೊಳ್ಳುತ್ತಾರೆ. ತೈಲಚಿತ್ರಕ್ಕೆ 200ರ ಆಸುಪಾಸು ನಡೆಯುತ್ತದೆ. ನಮ್ಮ ಮನೆಯ ಕಿಟಕಿ ಪಕ್ಕದ ಗೋಡೆಯಲ್ಲಿ ಹಗಲು 500 ಲಕ್ಸ್ ಸುಲಭವಾಗಿ ಇರುತ್ತದೆ. ನೇರ ಬಿಸಿಲಾದರೆ ಒಂದು ಲಕ್ಷದ ಹತ್ತಿರಕ್ಕೂ ಹೋಗುತ್ತದೆ. ಮತ್ತೆ ಬೆಳಕಿನ ಪೆಟ್ಟು ಕೂಡುತ್ತಾ ಹೋಗುತ್ತದೆ, ರಾತ್ರಿ ದೀಪ ಆರಿಸಿದರೆ ಸೊನ್ನೆಗೆ ಇಳಿಯುವುದಿಲ್ಲ. 500 ಲಕ್ಸಿನಲ್ಲಿ ದಿನಕ್ಕೆ ಎಂಟು ಗಂಟೆಯಂತೆ ಮೂರು ತಿಂಗಳು ನೇತಾಡಿದ ಚಿತ್ರ, 50 ಲಕ್ಸಿನ ಮಂದ ಬೆಳಕಿನಲ್ಲಿ ಸುಮಾರು ಎರಡೂವರೆ ವರ್ಷ ನೇತಾಡಿದಷ್ಟು ಬೆಳಕು ತಿಂದಿರುತ್ತದೆ. ಫೋನಿಗೆ ಬೆಳಕು ಅಳೆಯುವ ಆ್ಯಪ್ ಸಿಗುತ್ತದೆ. ಪಕ್ಕಾ ಲೆಕ್ಕ ಅಲ್ಲ, ಆದರೆ ಯಾವ ಗೋಡೆ ಜಾಸ್ತಿ, ಯಾವುದು ಕಡಿಮೆ ಅಂತ ಹೋಲಿಸಿ ನೋಡಲು ಸಾಕು.

ಚಿತ್ರವನ್ನು ಇಳಿಸಿ ಕತ್ತಲಲ್ಲಿಡುವುದು ಜಿಪುಣತನ ಅಂತ ಕೆಲವರಿಗೆ ಅನ್ನಿಸುತ್ತದೆ. ಅಂಥವರಿಗೆ ನಾನು ಸ್ಕಾಟ್ಲೆಂಡಿನ ಒಂದು ಸಂಗತಿ ಹೇಳುತ್ತೇನೆ. ಹೆನ್ರಿ ವಾನ್ ಅನ್ನುವ ಸಂಗ್ರಾಹಕರು ಟರ್ನರ್ ಎಂಬ ದೊಡ್ಡ ಚಿತ್ರಕಾರರ 38 ಜಲವರ್ಣಗಳನ್ನು ಎಡಿನ್‌ಬರೋದ ನ್ಯಾಷನಲ್ ಗ್ಯಾಲರಿಗೆ ಬಿಟ್ಟು ಹೋದರು. ಅವು ಗ್ಯಾಲರಿಗೆ ಬಂದದ್ದು 1900ರಲ್ಲಿ. ಒಂದು ಷರತ್ತಿತ್ತು: ವರ್ಷಕ್ಕೆ ಒಂದೇ ತಿಂಗಳು, ಜನವರಿಯಲ್ಲಿ, ಎಲ್ಲವನ್ನೂ ಒಟ್ಟಿಗೆ, ಪುಕ್ಕಟೆಯಾಗಿ ಜನರಿಗೆ ತೋರಿಸಬೇಕು. ಜನವರಿಯೇ ಯಾಕೆ? ಅಲ್ಲಿ ಆಗ ಸೂರ್ಯನ ಬೆಳಕು ತೀರಾ ಮಂದ. ನೂರು ವರ್ಷ ದಾಟಿದರೂ ಆ ಬಣ್ಣಗಳು ಹೊಳೆಯುತ್ತಿವೆ. ಪ್ರತಿ ಜನವರಿ ಜನ ಚಳಿಯಲ್ಲಿ ಹೋಗಿ ನೋಡುತ್ತಾರೆ. ಒಂದು ಥರದಲ್ಲಿ ಅವರದೂ ಗೊಂಬೆ ಹಬ್ಬವೇ.

ನಮ್ಮಲ್ಲೂ ಇಲ್ಲವೆಂದಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಮಹಿಳೆಯ ಚಿತ್ರವನ್ನು ನಿಮ್ಮ ಅತ್ತೆ ನೋಡಿರುತ್ತಾರೆ. ರವಿವರ್ಮ ಬಿಡಿಸಿದ್ದು ಅಂತ ಬಹಳ ಜನ ನಂಬಿದ್ದಾರೆ. ಅದು ಎಸ್. ಎಲ್. ಹಲ್ದಣಕರ್ ಅವರದು, 1940ರ ದಶಕದ ಜಲವರ್ಣ. ಅದನ್ನು ಕತ್ತಲೆ ಮಾಡಿದ ಕೋಣೆಯಲ್ಲಿ ತೋರಿಸುತ್ತಾ ಬಂದಿದ್ದಾರೆ. ದೀಪದ ಬೆಳಕು ಅವಳ ಮುಖದ ಮೇಲೆ ಬಿದ್ದ ಹಾಗೆ ಕಾಣಲಿ ಅಂತ ಮಾಡಿದ್ದು. ಜಲವರ್ಣಕ್ಕೂ ಆ ಕತ್ತಲೆ ಒಳ್ಳೆಯದೇ.

ಸರಿ, ಎಷ್ಟು ದಿನಕ್ಕೊಮ್ಮೆ? ಮೂರು ತಿಂಗಳಿಗೆ ಒಮ್ಮೆ, ಆರು ತಿಂಗಳಿಗೆ ಒಮ್ಮೆ ಅಂತೆಲ್ಲ ಬರೆಯುವವರಿದ್ದಾರೆ. ಕ್ಯಾಲೆಂಡರ್ ನೋಡಿ ಇಟ್ಟುಕೊಂಡ ನಿಯಮ ಎರಡನೇ ಸಲಕ್ಕೇ ಮರೆತುಹೋಗುತ್ತದೆ. ನಿಮ್ಮ ಊರಿಗೆ ನಾನು ಹೇಳುವುದು ವರ್ಷಕ್ಕೆ ಎರಡು ಸಲ, ಮನಸ್ಸಿದ್ದರೆ ಮೂರು. ಹೇಗೂ ಮನೆ ಕೊಡವಿ ಕ್ಲೀನ್ ಮಾಡುವ ದಿನಗಳಿಗೇ ಅದನ್ನು ಗಂಟು ಹಾಕಿ.

ಮೊದಲನೆಯದು ಮೇ ತಿಂಗಳ ಕೊನೆ, ಮಳೆ ಹಿಡಿಯುವ ಮುಂಚೆ. ಇದೇ ಎಲ್ಲಕ್ಕಿಂತ ಮುಖ್ಯವಾದದ್ದು. ಮಲೆನಾಡಿನ ಅಂಚಿನಲ್ಲಿರುವವರಿಗೆ ಚಿತ್ರದ ದೊಡ್ಡ ಶತ್ರು ಜೂನ್‌ನಿಂದ ಸೆಪ್ಟೆಂಬರ್. ಗಾಳಿಯಲ್ಲಿ ತೇವ ಶೇಕಡಾ 65-70 ದಾಟಿ ದಿನಗಟ್ಟಲೆ ಹಾಗೇ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ನಿಮ್ಮ ಹಾಲಿನ ಪಶ್ಚಿಮದ ಗೋಡೆ ಮಳೆಯ ಇರಚಲು ನೇರ ಹೊಡೆಸಿಕೊಳ್ಳುವ ಗೋಡೆ. ಅದರ ಮೇಲಿರುವ ಜಲವರ್ಣ, ಫೋಟೋ, ಚಿತ್ತಾರ ಎಲ್ಲವೂ ಆಗ ಇಳಿಯಬೇಕು. ಜಾಗ ಖಾಲಿ ಕಂಡರೆ ಮರದ ಕೆತ್ತನೆ, ಹಿತ್ತಾಳೆ ತಟ್ಟೆ, ಟೆರಾಕೋಟ ಮುಖವಾಡ, ಇಂಥವನ್ನು ಹಾಕಿ. ಖಾಲಿ ಬಿಟ್ಟರೂ ಏನೂ ಆಗುವುದಿಲ್ಲ. ನಾನಂತೂ ಮಳೆಗಾಲದಲ್ಲಿ ಒಂದು ಗೋಡೆಯನ್ನು ಖಾಲಿಯೇ ಬಿಡುತ್ತೇನೆ.

ಎರಡನೆಯದು ದಸರೆಗೆ ಮುಂಚೆ. ಗೊಂಬೆ ಪೆಟ್ಟಿಗೆ ತೆಗೆಯುವ ದಿನವೇ ಚಿತ್ರಗಳ ಪೆಟ್ಟಿಗೆಯನ್ನೂ ತೆಗೆಯಿರಿ. ನೆರಳಿನಲ್ಲಿ, ಫ್ಯಾನಿನಡಿ ಗಾಳಿಗೆ ಹರಡಿ. ಬಿಸಿಲಿಗೆ ಬೇಡ. ಹಪ್ಪಳ ಸಂಡಿಗೆ ಒಣಗಿಸಿದ ಹಾಗೆ ಜಲವರ್ಣವನ್ನು ತಾರಸಿ ಮೇಲೆ ಹರಡಿದವರನ್ನು ನಾನು ಕಂಡಿದ್ದೇನೆ.

ಮೂರನೆಯದು ಬೇಕಾದವರಿಗೆ, ಸಂಕ್ರಾಂತಿಯಿಂದ ಯುಗಾದಿಯೊಳಗೆ ಯಾವಾಗಲಾದರೂ. ಇದರಲ್ಲಿ ಹೊಸದಾಗಿ ಪೆಟ್ಟಿಗೆಯಿಂದ ತೆಗೆಯುವುದು ಬೇಡ, ಇದ್ದದ್ದನ್ನೇ ಕೋಣೆಯಿಂದ ಕೋಣೆಗೆ ಬದಲಾಯಿಸಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ದಕ್ಷಿಣದ ಕಿಟಕಿಯಿಂದ ಬಿಸಿಲು ಕೋಣೆಯೊಳಗೆ ಆಳಕ್ಕೆ ಬರುತ್ತದೆ. ಮೇ ಹೊತ್ತಿಗೆ ಅದೇ ಕಿಟಕಿಯಲ್ಲಿ ಬಿಸಿಲೇ ಇರುವುದಿಲ್ಲ. ಹಾಗಾಗಿ ‘ಈ ಗೋಡೆಗೆ ಬಿಸಿಲು ಬೀಳಲ್ಲ’ ಅಂತ ಮೇ ತಿಂಗಳಲ್ಲಿ ನೋಡಿ ಹೇಳಬೇಡಿ. ಮಗಳ ಕೈಗೆ ಸೀಮೆಸುಣ್ಣ ಕೊಟ್ಟು, ಬಿಸಿಲಿನ ಚೌಕ ಎಲ್ಲೆಲ್ಲಿ ಬೀಳುತ್ತದೆ ಅಂತ ತಿಂಗಳಿಗೊಮ್ಮೆ ಗುರುತು ಹಾಕಿಸಿ. ಅವಳಿಗೂ ಆಟ.

ಒಂದೇ ದಿನ 23ನ್ನೂ ಇಳಿಸಿ ಕೂರಬೇಡಿ. ಸಂಜೆಯ ಹೊತ್ತಿಗೆ ಮನೆಯವರೆಲ್ಲ ಜಗಳ ಆಡಿರುತ್ತೀರಿ. ಮೊದಲ ಸಲ ಐದು ಸಾಕು. ಬೆಡ್‌ರೂಮಿನದು ಹಾಲಿಗೆ, ಹಾಲಿನದು ಊಟದ ಮನೆಗೆ. ಹತ್ತು ವರ್ಷ ಕಣ್ಣಿಗೇ ಬೀಳದ ಚಿತ್ರ ಬೇರೆ ಗೋಡೆಗೆ ಹೋದ ಕೂಡಲೇ ‘ಇದು ಯಾವಾಗ ತಂದಿದ್ದು?’ ಅಂತ ಬಂದವರು ಕೇಳುತ್ತಾರೆ. ನಿಮ್ಮ 23 ಮತ್ತು ಮಂಚದ ಕೆಳಗಿನ ಏಳು ಸೇರಿದರೆ 30. ಅದರಲ್ಲಿ ಹದಿನೈದಕ್ಕಿಂತ ಹೆಚ್ಚು ಗೋಡೆಯ ಮೇಲೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಅಡುಗೆಮನೆಯಲ್ಲಿ ಮಾತ್ರ ಕಾಗದದ ಚಿತ್ರ ಬೇಡವೇ ಬೇಡ. ಒಗ್ಗರಣೆಯ ಎಣ್ಣೆ ಹೊಗೆ ಗಾಜಿನ ಸಂದಿಯಲ್ಲೂ ಒಳಗೆ ಹೋಗುತ್ತದೆ.

ಇನ್ನು ನಿಮ್ಮ ಯಜಮಾನರ ಮೊಳೆ. ಅವರ ಮಾತು ಕೇಳಿ ನನಗೆ ಬಾಸ್ಟನ್‌ನ ಇಸಬೆಲ್ಲಾ ಗಾರ್ಡ್ನರ್ ನೆನಪಾದರು. ತಮ್ಮ ಸಂಗ್ರಹಕ್ಕೆಂದೇ ಒಂದು ಮ್ಯೂಸಿಯಂ ಕಟ್ಟಿಸಿ, ತಾವು ಜೋಡಿಸಿದ್ದನ್ನು ಯಾರೂ ಬದಲಾಯಿಸಕೂಡದು ಅಂತ ಉಯಿಲಿನಲ್ಲೇ ಬರೆದಿಟ್ಟಾಕೆ. 1990ರಲ್ಲಿ ಕಳ್ಳರು ನುಗ್ಗಿ 13 ಕೃತಿಗಳನ್ನು ಹೊತ್ತೊಯ್ದರು. ಇವತ್ತಿಗೂ ಅಲ್ಲಿ ಖಾಲಿ ಫ್ರೇಮುಗಳು ಅದೇ ಜಾಗದಲ್ಲಿ ನೇತಾಡುತ್ತಿವೆ. ನಿಮ್ಮ ಯಜಮಾನರು ಅಷ್ಟು ದೂರ ಹೋಗಿಲ್ಲ ಬಿಡಿ. ಅವರ ಮಾತಿನಲ್ಲಿ ಒಂದು ನ್ಯಾಯವೂ ಇದೆ. ಕಾಂಕ್ರೀಟ್ ಗೋಡೆಯಲ್ಲಿ ಪದೇ ಪದೇ ಮೊಳೆ ಕಿತ್ತರೆ ಗಾರೆ ಉದುರುತ್ತದೆ, ತೂತು ದೊಡ್ಡದಾಗುತ್ತದೆ.

ಅದಕ್ಕೇ ಮೊಳೆ ಕೀಳಬೇಡಿ. ಚಿತ್ರಗಳನ್ನು ಮೊಳೆಗೆ ಹೊಂದಿಸಿ. ಇದು ಹೇಗೆ ಅಂದರೆ, ಪ್ರತಿ ಫ್ರೇಮಿನ ಹಿಂದೆ ಎರಡು ಪಕ್ಕದಲ್ಲಿ ಕೊಂಡಿ ಹಾಕಿ ನಡುವೆ ತಂತಿ ಕಟ್ಟಿರುತ್ತಾರಲ್ಲ, ಆ ತಂತಿಯನ್ನು ಬೆರಳಿನಿಂದ ಮೇಲಕ್ಕೆ ಎಳೆದು ಹಿಡಿಯಿರಿ. ಫ್ರೇಮಿನ ಮೇಲಂಚಿನಿಂದ ಬೆರಳಿನವರೆಗೆ ಎಷ್ಟು ಅಂತ ಅಳೆಯಿರಿ. ಒಂದೊಂದರಲ್ಲಿ ಒಂದೊಂದು ಅಳತೆ ಬರುತ್ತದೆ. ಒಂದು ಮೂರು ಸೆಂಟಿಮೀಟರ್, ಇನ್ನೊಂದು ಹನ್ನೆರಡು. ಅದಕ್ಕೇ ಬದಲಾಯಿಸಿದಾಗ ಒಂದು ಮೇಲೆ, ಒಂದು ಕೆಳಗೆ ಆಗಿ, ಮತ್ತೆ ಮೊಳೆ ಹೊಡೆಯಬೇಕಾಗುವುದು. ಒಂದೇ ಅಳತೆಯ ಚಿತ್ರಗಳಿಗೆಲ್ಲ ತಂತಿಯನ್ನು ಬಿಚ್ಚಿ ಎಂಟು ಸೆಂಟಿಮೀಟರಿಗೆ ಕಟ್ಟಿಸಿ. ಕಟ್ಟು ಹಾಕುವ ಅಂಗಡಿಯಲ್ಲಿ ಒಂದು ಮಧ್ಯಾಹ್ನದ ಕೆಲಸ. ಆಮೇಲೆ ಯಾವ ಚಿತ್ರವನ್ನು ಯಾವ ಮೊಳೆಗೆ ಸಿಕ್ಕಿಸಿದರೂ ಸಾಲು ತಪ್ಪುವುದಿಲ್ಲ. ಯಜಮಾನರ ಮಾತೂ ಉಳಿಯಿತು.

ಹೊಸದಾಗಿ ಕಟ್ಟು ಹಾಕಿಸುವಾಗ ಎರಡು ಮೂರು ಅಳತೆಗೇ ನಿಂತುಬಿಡಿ. ಎ3, ಎ4, ಇನ್ನೊಂದು ದೊಡ್ಡದು. ಹಿಂದಿನ ಹಲಗೆಗೆ ತಿರುಗಿಸುವ ಕೊಂಡಿ ಇರಲಿ. ಮೊಳೆ ಬಡಿದು ಕಂದು ಟೇಪು ಅಂಟಿಸಿ ಮುಚ್ಚಿಬಿಟ್ಟರೆ ಒಳಗಿನ ಚಿತ್ರ ಬದಲಾಯಿಸಲು ಪ್ರತಿ ಸಲ ಅಂಗಡಿಗೇ ಓಡಬೇಕು. ಚಿತ್ರಕ್ಕೂ ಗಾಜಿಗೂ ನಡುವೆ ಮೌಂಟ್ ಇರಲೇಬೇಕು. ಆಸಿಡ್ ಇಲ್ಲದ ಮೌಂಟ್ ಬೋರ್ಡ್ ಕೇಳಿ ಹಾಕಿಸಿ. ಸ್ವಲ್ಪ ದುಬಾರಿ, ಆದರೆ ಅಗ್ಗದ ರಟ್ಟು ಕೆಲವೇ ವರ್ಷಗಳಲ್ಲಿ ಚಿತ್ರದ ಅಂಚಿಗೆ ಕಂದು ಗೆರೆ ಎಳೆಯುತ್ತದೆ. ಫ್ರೇಮಿನ ಕೆಳಗಿನ ಎರಡು ಮೂಲೆಗೆ ಬಾಟಲಿಯ ಬಿರಡೆಯ ಚೂರು ಅಂಟಿಸಿ. ಗೋಡೆಗೂ ಫ್ರೇಮಿಗೂ ಬೆರಳು ತೂರುವಷ್ಟು ಸಂದಿಯಿದ್ದರೆ ಗಾಳಿ ಆಡುತ್ತದೆ, ಹಲ್ಲಿ ಮನೆ ಮಾಡುತ್ತದೆ ಅನ್ನುವುದೊಂದೇ ತೊಂದರೆ.

ಎತ್ತರದ ವಿಷಯ ಬೇಗ ಮುಗಿಸುತ್ತೇನೆ. ಗ್ಯಾಲರಿಗಳಲ್ಲಿ ಚಿತ್ರದ ನಡುಮಧ್ಯ ನೆಲದಿಂದ 145ರಿಂದ 150 ಸೆಂಟಿಮೀಟರ್ ಇರುವಂತೆ ತೂಗುಹಾಕುತ್ತಾರೆ. ಅದು ನಿಂತು ನೋಡುವವರ ಲೆಕ್ಕ. ದಿವಾನದ ಮೇಲೋ ಚಾಪೆಯ ಮೇಲೋ ಕೂತು ನೋಡುವ ಕೋಣೆಯಲ್ಲಿ ಒಂದು ಗೇಣು ಕೆಳಗಿಳಿಸಿ. ಹಳೇ ತೊಟ್ಟಿ ಮನೆಗಳಲ್ಲಿ ಪಟಗಳನ್ನು ಬಾಗಿಲ ಮೇಲೆ, ಮಾಡಿನ ಹತ್ತಿರ, ಮುಂದಕ್ಕೆ ಬಗ್ಗಿಸಿ ಹಾಕಿರುತ್ತಿದ್ದರು. ನೆಲದ ಮೇಲೆ ಕೂತವರಿಗೂ ಮುಖ ಕಾಣುತ್ತಿತ್ತು, ಗಾಜು ಮಿಂಚುತ್ತಿರಲಿಲ್ಲ. ಈಗಿನ ಫ್ಲಾಟುಗಳಲ್ಲಿ ಬಗ್ಗಿಸದೆ ಬರೀ ಎತ್ತರಕ್ಕೆ ಹಾಕುತ್ತಾರೆ. ಅದರಿಂದ ಕತ್ತು ನೋವು ಬಿಟ್ಟರೆ ಬೇರೇನೂ ಸಿಗುವುದಿಲ್ಲ.

ಈಗ ಮಂಚದ ಕೆಳಗೆ ಬಗ್ಗೋಣ. ಅಲ್ಲಿ ಏನೇನಾಗುತ್ತದೆ ಗೊತ್ತಾ? ನೆಲ ಒರೆಸುವ ನೀರು ತಗಲುತ್ತದೆ. ಗೋಡೆಯ ಬುಡದ ತೇವ ಏರುತ್ತದೆ. ಗೆದ್ದಲು ಬಂದರೆ ಮೊದಲು ಅಲ್ಲಿಗೇ. ಅಟ್ಟವೂ ಬೇಡ, ಶೀಟಿನಡಿ ಬೇಸಿಗೆಯಲ್ಲಿ ಕೆಂಡದಂತೆ ಕಾಯುತ್ತದೆ. ಬಚ್ಚಲಿನ ಪಕ್ಕದ ಗೋಡೆಗೆ ಒರಗಿದ ಬೀರುವೂ ಬೇಡ. ಮನೆಯ ನಡುವಿನ, ಹೊರಗೋಡೆಯಲ್ಲದ ಕಡೆ ಒಂದು ಬೀರುವಿನ ಕೆಳಭಾಗ ಸಿಕ್ಕರೆ ಸಾಕು. ನೆಲದಿಂದ ನಾಲ್ಕು ಇಂಚು ಮೇಲೆ ಹಲಗೆ ಹಾಕಿ.

ಕಟ್ಟು ಹಾಕಿದ ಚಿತ್ರಗಳನ್ನು ಒಂದರ ಮೇಲೊಂದು ಮಲಗಿಸಬೇಡಿ. ಗ್ರಂಥಾಲಯದಲ್ಲಿ ಪುಸ್ತಕ ನಿಲ್ಲಿಸಿದ ಹಾಗೆ ನಿಲ್ಲಿಸಿ. ದೊಡ್ಡದು ಹಿಂದೆ, ಚಿಕ್ಕದು ಮುಂದೆ. ಗಾಜಿಗೆ ಗಾಜು ಎದುರಾಗಲಿ, ಬೆನ್ನಿಗೆ ಬೆನ್ನು. ಇಲ್ಲದಿದ್ದರೆ ಒಂದರ ಬೆನ್ನಿನ ಕೊಂಡಿ ಇನ್ನೊಂದರ ಗಾಜು ಗೀಚುತ್ತದೆ. ನಡುವೆ ಒಂದೊಂದು ರಟ್ಟು ಇಡಿ.

ಸುತ್ತುವುದಕ್ಕೆ ತೊಳೆದು ತೊಳೆದು ಮೆತ್ತಗಾದ ಹಳೇ ಹತ್ತಿ ಸೀರೆಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಆದರೆ ಗಂಜಿ ಹಾಕಿದ್ದು ಬೇಡ. ಬೆಳ್ಳಿ ಹುಳಕ್ಕೆ ಗಂಜಿ ಅಂದರೆ ಹಬ್ಬದೂಟ. ಗುಳ್ಳೆ ಗುಳ್ಳೆ ಪ್ಲಾಸ್ಟಿಕ್ ಹಾಳೆ ಸಾಗಿಸುವುದಕ್ಕೆ ಸರಿ, ಇಡುವುದಕ್ಕಲ್ಲ. ಒಳಗೆ ತೇವ ಸಿಕ್ಕಿಕೊಳ್ಳುತ್ತದೆ, ಚಿತ್ರಕ್ಕೆ ನೇರವಾಗಿ ತಾಗಿದರೆ ಗುಳ್ಳೆಗಳ ಅಚ್ಚೂ ಬೀಳುತ್ತದೆ. ಹಳೇ ಪೇಪರ್ ಸುತ್ತುವುದು ನಮ್ಮೆಲ್ಲರ ಅಭ್ಯಾಸ. ಆ ಕಾಗದದಲ್ಲೇ ಆಸಿಡ್ ಇರುತ್ತದೆ, ಶಾಯಿಯೂ ಹತ್ತುತ್ತದೆ. ಕಬ್ಬಿಣದ ಟ್ರಂಕಾದರೆ ಇಲಿ, ಗೆದ್ದಲಿನ ಭಯವಿಲ್ಲ, ಆದರೆ ಮಳೆಗಾಲದಲ್ಲಿ ಒಳಗೆ ಬೆವರುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕೈದು ಹಾಕಿ, ತಿಂಗಳಿಗೊಮ್ಮೆ ಬದಲಾಯಿಸಿ. ಹಿಂದೆ ಓಲೆಗರಿ ಕಟ್ಟುಗಳ ಜೊತೆ ಬಜೆ ಬೇರು, ಬೇವಿನ ಎಲೆ ಇಡುತ್ತಿದ್ದರು. ನೀವೂ ಪುಟ್ಟ ಬಟ್ಟೆ ಗಂಟಿನಲ್ಲಿ ಕಟ್ಟಿ ಮೂಲೆಗೆ ಇಡಬಹುದು. ಎಲೆ ಪೂರ್ತಿ ಒಣಗಿರಬೇಕು, ಚಿತ್ರಕ್ಕೆ ತಾಗಬಾರದು. ನುಸಿಗುಳಿಗೆಗೂ ಅದೇ ಮಾತು.

ಸರಸ್ವತಿಯ ಬಗ್ಗೆ ಬೇರೆಯೇ ಹೇಳಬೇಕು. ಮೈಸೂರು ಶೈಲಿಯಲ್ಲಿ ಒಡವೆ, ಮಂಟಪ, ಸೀರೆಯಂಚು ಇವೆಲ್ಲ ಸ್ವಲ್ಪ ಉಬ್ಬಿರುತ್ತವಲ್ಲ, ಅದು ಬಿಳಿ ಪುಡಿಗೆ ಗೋಂದು ಕಲಸಿ ಎಳೆದ ಗೆಸ್ಸೊ. ಅದರ ಮೇಲೆ ಚಿನ್ನದ ರೇಕು. ತಂಜಾವೂರಿನದಕ್ಕಿಂತ ಇಲ್ಲಿ ಉಬ್ಬು ತೆಳ್ಳಗೆ, ಕುಸುರಿ ಜಾಸ್ತಿ. ಚಿನ್ನ ಬೆಳಕಿಗೆ ಮಾಸುವುದಿಲ್ಲ. ಆದರೆ ಕೆಳಗಿನ ಗೆಸ್ಸೊ ತೇವ ಕುಡಿದು ಒಣಗಿ, ಮತ್ತೆ ಕುಡಿದು ಒಣಗಿ, ಬಿರುಕು ಬಿಟ್ಟು ಉದುರುತ್ತದೆ. ಹಾಗಾಗಿ ಅದನ್ನು ಮಾತ್ರ ಪದೇ ಪದೇ ಓಡಾಡಿಸಬೇಡಿ. ಮುಖ ಕೆಳಗೆ ಮಾಡಿ ಮಲಗಿಸಬೇಡಿ. ಒದ್ದೆ ಬಟ್ಟೆಯಿಂದ ಒರೆಸಬೇಡಿ, ಗಾಜು ಒರೆಸುವಾಗಲೂ ದ್ರವವನ್ನು ಬಟ್ಟೆಗೆ ಹಾಕಿಕೊಳ್ಳಿ, ಗಾಜಿಗೆ ಎರಚಬೇಡಿ. ಒಳಗೋಡೆಯಲ್ಲಿ ಒಂದು ಒಳ್ಳೆ ಜಾಗ ಕೊಟ್ಟು ಅಲ್ಲೇ ಬಿಡಿ. ದೇವರ ಮನೆಯೊಳಗೆ ಮಾತ್ರ ಬೇಡ. ದೀಪದ ಮಸಿ, ಊದುಬತ್ತಿ ಹೊಗೆ, ಕರ್ಪೂರದ ಕಾವು ಮೂರೂ ಅದಕ್ಕೆ ಆಗದು. ಇದನ್ನು ಅತ್ತೆಗೆ ನೀವು ಹೇಳುವುದಕ್ಕಿಂತ, ಈ ಉತ್ತರವನ್ನೇ ಓದಿ ಹೇಳಿ. ಬೈಗುಳ ನನಗೇ ಬರಲಿ.

ಉಳಿದ ದೇವರ ಪಟಗಳ ಉಸ್ತುವಾರಿಯನ್ನು ಅತ್ತೆಗೇ ಬಿಟ್ಟುಬಿಡಿ. ಯಾವುದು ಯಾವಾಗ ಅಂತ ಅವರಿಗೆ ಪಂಚಾಂಗವೇ ಬಾಯಲ್ಲಿರುತ್ತದೆ. ಹಾಲಿನಲ್ಲಿ ಒಂದು ಮೊಳೆಯನ್ನು ಅವರ ಹೆಸರಿಗೆ ಬರೆದುಕೊಡಿ. ಶ್ರಾವಣದಲ್ಲಿ ವರಮಹಾಲಕ್ಷ್ಮಿ, ಅಷ್ಟಮಿಗೆ ಕೃಷ್ಣ, ಚೌತಿಗೆ ಗಣಪ. ಇಳಿದ ಪಟ ದೇವರ ಮನೆಯ ಕಪಾಟಿಗೆ ಹೋಗಲಿ, ಮಂಚದ ಕೆಳಗಲ್ಲ. ಅವರ ಬೇಜಾರು ಬಹುಶಃ ಪಟ ಇಳಿಸಿದ್ದಕ್ಕಲ್ಲ, ಇಳಿದದ್ದು ಹೋದ ಜಾಗಕ್ಕೆ. ಮಾವನವರ ಫೋಟೋವನ್ನಂತೂ ಈ ಲೆಕ್ಕದಿಂದಲೇ ಹೊರಗಿಡಿ. ಅದು ಬದಲಾಯಿಸುವ ಚಿತ್ರವಲ್ಲ. ಒಂದೇ ಒಂದು ಮಾಡಿ: ಫೋಟೋವನ್ನು ಚೆನ್ನಾಗಿ ಸ್ಕ್ಯಾನ್ ಮಾಡಿಸಿ, ಪ್ರಿಂಟ್ ತೆಗೆಸಿ, ಗೋಡೆಯ ಮೇಲೆ ಪ್ರಿಂಟ್ ಹಾಕಿ. ಮೂಲ ಫೋಟೋ ಕತ್ತಲಲ್ಲಿರಲಿ. ಹೂವಿನ ಹಾರದ ತೇವ ಗಾಜಿನ ಸಂದಿಯಿಂದ ಇಳಿದು ಎಷ್ಟು ಹಿರಿಯರ ಮುಖಗಳನ್ನು ತಿಂದಿದೆ ಅಂತ ನಮ್ಮಂಥ ಅಂಗಡಿಯವರಿಗೆ ಗೊತ್ತು.

ಚಿತ್ತಾರದ ಬಗ್ಗೆ ಅಷ್ಟು ಹೆದರಬೇಡಿ. ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಲ್ಲಿ ಬರೆಯುತ್ತಿದ್ದ ಕಲೆ ಅದು. ಮದುವೆಗೆ, ಹಬ್ಬಕ್ಕೆ ಬರೆಯುವುದು, ಮುಂದಿನ ಸಲ ಗೋಡೆ ಸಾರಿಸಿ ಹೊಸದು ಬರೆಯುವುದು. ಬದಲಾಗುವುದು ಅದರ ಹುಟ್ಟುಗುಣ. ನಿಮ್ಮದು ಕಾಗದದ್ದೋ ಬಟ್ಟೆಯದ್ದೋ ಇರಬೇಕು. ಮಣ್ಣಿನ ಕೆಂಪು, ಸುಟ್ಟ ಅಕ್ಕಿಯ ಕಪ್ಪು ಗಟ್ಟಿ ಬಣ್ಣಗಳು. ಗುರಿಗೆ ಕಾಯಿಯ ಹಳದಿ ಬಳಸಿದ್ದರೆ ಅದರ ಮೇಲೆ ಕಣ್ಣಿಡಿ, ಗಿಡದ ಹಳದಿಗಳು ಸಾಮಾನ್ಯವಾಗಿ ಬೆಳಕಿಗೆ ಬೇಗ ಸೋಲುತ್ತವೆ.

ಎಲ್ಲಕ್ಕಿಂತ ಬೇಗ ಮಾಯವಾಗುವುದು ನಿಮ್ಮ ಮಗಳ ಸ್ಕೆಚ್ ಪೆನ್ನಿನ ಚಿತ್ರಗಳು. ಅದನ್ನು ಯಾರೂ ಯೋಚಿಸುವುದಿಲ್ಲ. ಸ್ಕೆಚ್ ಪೆನ್ನಿನ ಬಣ್ಣಗಳಲ್ಲಿ ಬಹಳಷ್ಟು ನೀರಲ್ಲಿ ಕರಗುವ ಡೈ. ಬಿಸಿಲಿನ ಗೋಡೆಯಲ್ಲಿ ಒಂದೇ ಬೇಸಿಗೆಗೆ ಗುಲಾಬಿ, ನೇರಳೆ ಹಾರಿಹೋಗುವುದನ್ನು ನೋಡಿದ್ದೇನೆ. ಪೆನ್ಸಿಲ್ಲಿನದು ಗಟ್ಟಿ. ಇವತ್ತೇ ಎಲ್ಲವನ್ನೂ ಸ್ಕ್ಯಾನ್ ಮಾಡಿಸಿ. ಅವಳಿಗೆಂದು ಒಂದು ಫ್ರೇಮು ಮೀಸಲಿಡಿ, ಒಳಗಿನ ಚಿತ್ರವನ್ನು ಅವಳೇ ಬದಲಾಯಿಸಲಿ. ಆ ಫ್ರೇಮಿಗೆ ಮೂರು ತಿಂಗಳು ಆರು ತಿಂಗಳು ಅನ್ನುವ ನಿಯಮ ಇಲ್ಲ. ವಾರಕ್ಕೆ ಎರಡು ಸಲ ಬದಲಾಯಿಸಿದರೂ ಸರಿಯೇ.

ಒಂದು ನೋಟ್‌ಬುಕ್ ಇಡಿ. ಯಾವ ಚಿತ್ರ, ಯಾರದು, ಯಾವಾಗ ಎಲ್ಲಿ ಕೊಂಡದ್ದು, ಯಾವ ತಾರೀಕು ಗೋಡೆಗೆ ಏರಿತು, ಯಾವಾಗ ಇಳಿಯಿತು. ಚಿತ್ರದ ಬೆನ್ನಿಗೆ ಬಾಲ್ ಪೆನ್ನಿನಲ್ಲಿ ಬರೆಯಬೇಡಿ, ಒತ್ತು ಮುಂದೆ ಮೂಡುತ್ತದೆ. ಮೌಂಟಿನ ಹಿಂದೆ ಪೆನ್ಸಿಲ್ಲಿನಲ್ಲಿ ಸಾಕು. ಎರಡು ವರ್ಷ ಇಟ್ಟರೆ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ಯಾರಿಗೂ ಮೇಲೆ ಹಾಕಬೇಕು ಅನ್ನಿಸದ ನಾಲ್ಕೈದು ಚಿತ್ರ ಪೆಟ್ಟಿಗೆಯಲ್ಲೇ ಉಳಿದಿರುತ್ತವೆ. ಅವನ್ನು ಇಷ್ಟಪಡುವ ನೆಂಟರಿಗೆ ಕೊಟ್ಟುಬಿಡಿ. ಸುಮ್ನೆ ಕೂಡಿಟ್ಟು ಏನು ಮಾಡುತ್ತೀರಿ?

ಈಗ ಆ ಗಾಜಿಗೆ ಅಂಟಿದ ಫೋಟೋ. ಹಳೇ ಫೋಟೋಗಳ ಮೇಲೆ ಜೆಲಟಿನ್ ಪದರ ಇರುತ್ತದೆ, ಚಿತ್ರ ಇರುವುದೇ ಅದರಲ್ಲಿ. ಮಳೆಗಾಲದ ತೇವಕ್ಕೆ ಅದು ಮೆತ್ತಗಾಗಿ ಅಂಟಿನ ಹಾಗಾಗುತ್ತದೆ. ಮೌಂಟ್ ಇಲ್ಲದೆ ಗಾಜಿಗೆ ತಾಗಿದ್ದರೆ ಕಚ್ಚಿಕೊಳ್ಳುತ್ತದೆ. ಎಳೆದರೆ ಬರುವುದು ಬರೀ ಕಾಗದ, ಮುಖ ಗಾಜಿನಲ್ಲೇ ಉಳಿಯುತ್ತದೆ. ಫ್ರೇಮು ಬಿಚ್ಚಿ, ಗಾಜು ಫೋಟೋ ಎರಡನ್ನೂ ಒಂದೇ ವಸ್ತು ಅಂತ ಹಿಡಿದು ಹೊರತೆಗೆಯಿರಿ. ಗಾಜಿನ ಮುಂಭಾಗವನ್ನು ಒಣ ಬಟ್ಟೆಯಿಂದ ಒರೆಸಿ, ಗಾಜಿನ ಮೂಲಕವೇ ಸ್ಕ್ಯಾನ್ ಮಾಡಿಸಿ. ಸ್ಟುಡಿಯೋದವರು ‘ನೀರಲ್ಲಿ ನೆನೆಸಿ ಬಿಡಿಸಿಕೊಡ್ತೀವಿ’ ಅಂದರೆ, ಸ್ಕ್ಯಾನ್ ಕೈಗೆ ಬರುವವರೆಗೆ ಒಪ್ಪಬೇಡಿ. ಆಮೇಲೆ ಗಾಜಿನ ಸಮೇತ ಹತ್ತಿ ಬಟ್ಟೆಯಲ್ಲಿ ಸುತ್ತಿ, ಹಿಂದೆ ಮುಂದೆ ರಟ್ಟು ಕೊಟ್ಟು, ‘ಗಾಜಿದೆ, ಬಿಡಿಸಬಾರದು’ ಅಂತ ಮೇಲೆ ಬರೆದು ಪೆಟ್ಟಿಗೆಯಲ್ಲಿ ನಿಲ್ಲಿಸಿ.